ಅಸೆಂಬ್ಲಿಯಲ್ಲಿ ಪಾರ್ಟ್ ಬದಲಿಸುವುದು: ರಿಪ್ಲೇಸ್, ಸೇವ್ ಆ್ಯಸ್, ಕಾನ್ಫಿಗರೇಷನ್ – ಯಾವುದು ಯಾವಾಗ?

ಯುಸಿಪಿ 204 ಬೇರಿಂಗ್ (ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ ಬಗೆ) ಹಾಕಿ ಮುಗಿಸಿದ ಕನ್ವೇಯರಿನ ಅಸೆಂಬ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪಾರ್ಟುಗಳನ್ನು ಜೋಡಿಸಿದ 3ಡಿ ಮಾದರಿ. ಡ್ರಾಯಿಂಗ್ ಅರ್ಧ ಆಗಿದೆ. ಅಷ್ಟರಲ್ಲಿ ಗಿರಾಕಿಯಿಂದ ಸುದ್ದಿ ಬರುತ್ತದೆ: ಲೋಡ್ ಜಾಸ್ತಿ ಆಯ್ತು, 205 ಹಾಕಿ. ಈಗ ಹಳೆಯದನ್ನು ಡಿಲೀಟ್ ಮಾಡಿ ಹೊಸದನ್ನು ತಂದು ಕೂರಿಸಬೇಕೋ, ರಿಪ್ಲೇಸ್ ಒತ್ತಬೇಕೋ, ಇದ್ದ ಪಾರ್ಟನ್ನೇ ಸೇವ್ ಆ್ಯಸ್ ಮಾಡಿ ತಿದ್ದಬೇಕೋ, ಒಂದೇ ಫೈಲಿನಲ್ಲಿ ಎರಡೂ ಸೈಜುಗಳನ್ನು ಕಾನ್ಫಿಗರೇಷನ್ ಮಾಡಿ ಇಡಬೇಕೋ? ಡಿಸೈನ್ ಕೆಲಸಕ್ಕೆ ಹೊಸದಾಗಿ ಸೇರಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹಳಬರಲ್ಲೂ ಅನೇಕರು ತಮಗೆ ರೂಢಿಯಾದ ಒಂದೇ ದಾರಿಯನ್ನು ಎಲ್ಲ ಕಡೆಗೂ ಹಾಕಿ, ಆಮೇಲೆ ಕೆಂಪು ಬಣ್ಣದ ಎರರ್‌ಗಳನ್ನು ಬಿಡಿಸುತ್ತಾ ಕೂರುತ್ತಾರೆ.

ಇಲ್ಲಿ ಹೇಳುವುದು ಮುಖ್ಯವಾಗಿ 3ಡಿ ಡಿಸೈನ್ ಸಾಫ್ಟ್‌ವೇರ್ ಆದ ಸಾಲಿಡ್‌ವರ್ಕ್ಸ್ ಇಟ್ಟುಕೊಂಡು. ನಮ್ಮ ಕಡೆ ಮೆಷಿನ್ ಡಿಸೈನ್ ಮಾಡುವ ಸಣ್ಣ ಆಫೀಸುಗಳಲ್ಲಿ ಬಹಳ ಕಾಣಸಿಗುವುದು ಅದೇ. ಇನ್ವೆಂಟರ್, ಕ್ರಿಯೋ, ಸಾಲಿಡ್ ಎಡ್ಜ್, ಆನ್‌ಶೇಪ್, ಫ್ಯೂಷನ್, ಫ್ರೀಕ್ಯಾಡ್ ಬಳಸುವವರಿಗೆ ಬೇಕಾದ ವ್ಯತ್ಯಾಸಗಳನ್ನು ಕೊನೆಯ ಕಡೆ ಹೇಳಿದ್ದೇನೆ.

ಯಾವುದನ್ನು ನೋಡಿ ನಿರ್ಧರಿಸಬೇಕು

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಹೊಸ ಪಾರ್ಟ್ ಎಲ್ಲಿಂದ ಬಂತು ಎಂಬುದನ್ನು. ಕಾರಣ ಇಷ್ಟೇ. ನೀವು ಎರಡು ಫೇಸ್‌ಗಳಿಗೆ ಕೋಇನ್ಸಿಡೆಂಟ್ ಮೇಟ್ (ಎರಡು ಮುಖಗಳನ್ನು ಒಂದಕ್ಕೊಂದು ತಾಗಿಸಿ ಹಿಡಿಯುವ ಜೋಡಣೆಯ ನಿಯಮ) ಕೊಟ್ಟಾಗ ಸಾಫ್ಟ್‌ವೇರ್ ಅದನ್ನು ‘ತಳದ ಚಪ್ಪಟೆ ಮುಖ’ ಎಂದು ನೆನಪಿಡುವುದಿಲ್ಲ. ಆ ಫೇಸ್ ಹುಟ್ಟಿದಾಗ ಅದಕ್ಕೆ ಒಳಗೊಳಗೇ ಸಿಕ್ಕ ಒಂದು ಗುರುತಿನ ಸಂಖ್ಯೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾರ್ಟ್ ಫೈಲನ್ನು ನಕಲು ಮಾಡಿದರೆ ಈ ಗುರುತುಗಳೂ ನಕಲಿನೊಳಗೆ ಬರುತ್ತವೆ. ಅದೇ ಆಕಾರವನ್ನು ಇನ್ನೊಬ್ಬರು ಬೇರೆ ಫೈಲಿನಲ್ಲಿ ಮೊದಲಿನಿಂದ ಮಾಡಿದ್ದರೆ ಕಣ್ಣಿಗೆ ಎರಡೂ ಒಂದೇ, ಮೇಟ್‌ಗೆ ಮಾತ್ರ ಪರಿಚಯವೇ ಇಲ್ಲ.

ಹಾಗಾಗಿ ಬದಲಿಗೆ ಬರುವ ಪಾರ್ಟುಗಳಲ್ಲಿ ಎರಡು ಬಗೆ. ಹಳೆಯ ಫೈಲಿನ ನಕಲಿನಿಂದಲೇ ಹುಟ್ಟಿದ್ದು ದಾಯಾದಿ: ಅಳತೆ ಎಷ್ಟೇ ಬದಲಾಗಿರಲಿ, ವಂಶ ಒಂದೇ. ತಯಾರಕರ ವೆಬ್‌ಸೈಟಿನಿಂದ ಇಳಿಸಿಕೊಂಡ ಸ್ಟೆಪ್ ಫೈಲ್ (ಬೇರೆ ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯುವ, ಆಕಾರ ಮಾತ್ರ ಇರುವ ಫೈಲ್), ಅಥವಾ ಪಕ್ಕದ ಟೇಬಲಿನವರು ಬೇರೆಯಾಗಿ ಮಾಡಿದ ಪಾರ್ಟ್, ಇವೆಲ್ಲ ಹೊರಗಿನವು. ಮುಂದೆ ಬರುವ ಪ್ರತಿಯೊಂದು ದಾರಿಯೂ ದಾಯಾದಿಗೆ ಒಂದು ಥರ, ಹೊರಗಿನದಕ್ಕೆ ಇನ್ನೊಂದು ಥರ ನಡೆದುಕೊಳ್ಳುತ್ತದೆ.

ಎರಡನೆಯದಾಗಿ, ಎಷ್ಟು ಕಡೆ ಬದಲಾಗಬೇಕು? ಅಸೆಂಬ್ಲಿಯಲ್ಲಿ ಆ ಪಾರ್ಟ್ ನಾಲ್ಕು ಕಡೆ ಕೂತಿದ್ದು ಒಂದು ಕಡೆ ಮಾತ್ರ ಬದಲಾಗಬೇಕೇ, ನಾಲ್ಕೂ ಕಡೆಯೇ? ಅದೇ ಪಾರ್ಟ್ ಬೇರೆ ಪ್ರಾಜೆಕ್ಟಿನ ಅಸೆಂಬ್ಲಿಯಲ್ಲೂ ಇದೆಯೇ? ಮೂರನೆಯದು, ಹಳೆಯದು ಮತ್ತೆ ಬೇಕಾಗುತ್ತದೆಯೇ. ಗಿರಾಕಿ ನಾಳೆ ‘204ಕ್ಕೇ ವಾಪಸ್ ಹೋಗೋಣ’ ಎಂದರೆ ಎಷ್ಟು ಹೊತ್ತು ಹಿಡಿಯುತ್ತದೆ? ನಾಲ್ಕನೆಯದು ಡ್ರಾಯಿಂಗ್ ಮತ್ತು ಬಿಒಎಂ (ಬೇಕಾದ ಪಾರ್ಟುಗಳ ಪಟ್ಟಿ): ಡ್ರಾಯಿಂಗ್ ಇನ್ನೂ ಶುರುವಾಗಿಲ್ಲ ಎಂದರೆ ನಿಮಗೆ ಅರ್ಧ ಸ್ವಾತಂತ್ರ್ಯ ಸಿಕ್ಕ ಹಾಗೆ. ಡೈಮೆನ್ಷನ್, ಬಲೂನ್ (ಪಟ್ಟಿಯ ಸಂಖ್ಯೆ ತೋರಿಸುವ ವೃತ್ತ) ಎಲ್ಲ ಹಾಕಿ ಮುಗಿದಿದ್ದರೆ ಮೇಟ್‌ಗಿಂತ ಅದೇ ದುಬಾರಿ. ಐದನೆಯದು, ಈ ಬದಲಾವಣೆ ಒಮ್ಮೆ ಮಾಡಿ ಮುಗಿಯುವಂಥದ್ದೋ, ಪ್ರತಿ ಆರ್ಡರಿಗೂ ಬರುವಂಥದ್ದೋ.

ಡಿಲೀಟ್ ಮಾಡಿ ಹೊಸದಾಗಿ ಕೂರಿಸುವುದು

ಇದನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಎರಡೋ ಮೂರೋ ಮೇಟ್ ಇರುವ ಪಾರ್ಟ್, ಅದರ ಮೇಲೆ ಬೇರೆ ಯಾವುದೂ ಆತುಕೊಂಡಿಲ್ಲ, ಬದಲಿಗೆ ಬರುವುದು ಹೊರಗಿನ ಸ್ಟೆಪ್ ಫೈಲ್ ಎಂದಾದರೆ ಇದೇ ಬೇಗ ಮುಗಿಯುವ ಕೆಲಸ. ಹಳೆಯ ಮೇಟ್‌ಗಳೂ ಹೋಗುತ್ತವೆ, ಮುರಿದ ಮೇಟ್‌ಗಳ ಕಸ ಮರದಲ್ಲಿ (ಪಕ್ಕದಲ್ಲಿ ಪಾರ್ಟು, ಮೇಟುಗಳನ್ನು ತೋರಿಸುವ ಪಟ್ಟಿ, ಫೀಚರ್ ಟ್ರೀ) ಉಳಿಯುವುದಿಲ್ಲ. ಹೊಸ ಪಾರ್ಟಿಗೆ ಮೇಟ್ ರೆಫರೆನ್ಸ್ (ಯಾವ ಮುಖ ಹಿಡಿದು ಕೂರಬೇಕು ಎಂದು ಮೊದಲೇ ಇಟ್ಟ ಗುರುತು) ಕೊಟ್ಟಿದ್ದರೆ ಎಳೆದು ತಂದು ಬಿಟ್ಟ ಕೂಡಲೇ ತಾನೇ ಕೂರುತ್ತದೆ. ಪದೇ ಪದೇ ಬಳಸುವ ಪಾರ್ಟುಗಳಿಗೆ ಈ ಕೆಲಸ ಒಮ್ಮೆ ಮಾಡಿಟ್ಟರೆ ಸಾಕು.

ಅದೇ ಪಾರ್ಟ್ ಫ್ರೇಮ್ ಆಗಿದ್ದು ಅದರ ಮೇಲೆ ಇಪ್ಪತ್ತು ಪಾರ್ಟುಗಳು ಮೇಟ್ ಆಗಿದ್ದರೆ ಡಿಲೀಟ್ ಕೀಲಿಯ ಹತ್ತಿರವೂ ಹೋಗಬೇಡಿ. ಆ ಇಪ್ಪತ್ತರ ಮೇಟ್‌ಗಳೂ ಜೊತೆಗೇ ಅಳಿಸಿಹೋಗುತ್ತವೆ. ಡಿಲೀಟ್ ಖಾತ್ರಿ ಮಾಡಿಕೊಳ್ಳಲು ಬರುವ ಡೈಲಾಗಿನಲ್ಲೇ ಜೊತೆಗೆ ಏನೇನು ಹೋಗುತ್ತದೆ ಎಂಬ ಪಟ್ಟಿ ಇರುತ್ತದೆ. ಓದದೆ ಯೆಸ್ ಒತ್ತುವ ಅಭ್ಯಾಸ ನಮ್ಮೆಲ್ಲರದು.

ರಿಪ್ಲೇಸ್ ಕಮಾಂಡ್

ಮರದಲ್ಲಿ ಪಾರ್ಟಿನ ಮೇಲೆ ರೈಟ್ ಕ್ಲಿಕ್, ರಿಪ್ಲೇಸ್ ಕಾಂಪೊನೆಂಟ್ಸ್. ಕೈಗೆ ಮೊದಲು ಸಿಗುವುದು ಇದೇ. ಅಲ್ಲಿ ಮೂರು ವಿಷಯ ಗಮನಿಸಿ. ‘ಆಲ್ ಇನ್‌ಸ್ಟನ್ಸಸ್’ ಟಿಕ್ ಮಾಡಿದರೆ ಆ ಪಾರ್ಟ್ ಎಷ್ಟು ಕಡೆ ಇದೆಯೋ ಅಷ್ಟೂ ಬದಲಾಗುತ್ತದೆ. ಬಿಟ್ಟರೆ ಆಯ್ದದ್ದು ಮಾತ್ರ. ಕಾನ್ಫಿಗರೇಷನ್ ವಿಷಯದಲ್ಲಿ ಹೆಸರು ಹೊಂದಿಸು ಎನ್ನಬಹುದು, ಇಲ್ಲವೇ ನೀವೇ ಆರಿಸಬಹುದು. ಮೂರನೆಯದು ‘ರೀ-ಅಟ್ಯಾಚ್ ಮೇಟ್ಸ್’. ಇದನ್ನು ಟಿಕ್ ಮಾಡಿದ್ದರೆ ಬದಲಾಯಿಸಿದ ಮೇಲೆ ಮೇಟ್‌ಗಳ ಪಟ್ಟಿ ತೆರೆದು, ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ತೋರಿಸುತ್ತದೆ. ಸಿಗದೆ ಹೋದ ಫೇಸ್‌ಗೆ ಹೊಸ ಪಾರ್ಟಿನಲ್ಲಿ ಯಾವ ಫೇಸ್ ಎಂದು ನೀವು ಕ್ಲಿಕ್ ಮಾಡಿ ಹೇಳಬೇಕು.

ದಾಯಾದಿಯಾದರೆ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ನಿಮಗೆ ಕೆಲಸವೇ ಇರುವುದಿಲ್ಲ. ಹೊರಗಿನದಾದರೆ ಸಾಫ್ಟ್‌ವೇರ್ ಆಕಾರ ಹೋಲಿಸಿ ಊಹೆ ಮಾಡಲು ನೋಡುತ್ತದೆ. ಕೆಲವು ಸಿಕ್ಕಿಬಿಡುತ್ತವೆ, ಉಳಿದವು ಎರರ್. ನನಗೆ ಭಯ ಎರರ್ ಬಂದವುಗಳ ಬಗ್ಗೆ ಅಲ್ಲ, ತಪ್ಪಾಗಿ ಸಿಕ್ಕಿಕೊಂಡವುಗಳ ಬಗ್ಗೆ. ಎಡಗಡೆಯ ರಂಧ್ರಕ್ಕೆ ಇದ್ದ ಕಾನ್ಸೆಂಟ್ರಿಕ್ ಬಲಗಡೆಯದಕ್ಕೆ ಹೋಗಿ ಕೂತರೆ, ಸಮ್ಮಿತಿ ಇರುವ ಪಾರ್ಟಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮೋಟರಿನ ಟರ್ಮಿನಲ್ ಬಾಕ್ಸ್ ಇನ್ನೊಂದು ಕಡೆ ತಿರುಗಿದ್ದು ಸೈಟಿನಲ್ಲಿ ಕೇಬಲ್ ಎಳೆಯುವಾಗ ಗೊತ್ತಾಗುತ್ತದೆ.

ಹೊರಗಿನ ಪಾರ್ಟನ್ನೂ ಚೆನ್ನಾಗಿ ರಿಪ್ಲೇಸ್ ಮಾಡಿಸುವ ಒಂದು ಉಪಾಯ ಉಂಟು, ಬಳಸುವವರು ಕಡಿಮೆ: ಫೇಸ್‌ಗಳಿಗೆ ಹೆಸರಿಡುವುದು. ಫೇಸ್ ಮೇಲೆ ರೈಟ್ ಕ್ಲಿಕ್ ಮಾಡಿ ಫೇಸ್ ಪ್ರಾಪರ್ಟೀಸ್‌ನಲ್ಲಿ ಬೋರ್, ತಳ, ಮುಂಬದಿ ಎಂದು ಏನಾದರೂ ಬರೆಯಿರಿ. ಹಳೆಯ ಪಾರ್ಟಿನಲ್ಲೂ ಹೊಸ ಪಾರ್ಟಿನಲ್ಲೂ ಅದೇ ಹೆಸರು ಅಕ್ಷರಶಃ ಇದ್ದರೆ ಮೇಟ್ ಆ ಹೆಸರು ಹಿಡಿದು ಹೊಸ ಫೇಸನ್ನು ಹುಡುಕಿಕೊಳ್ಳುತ್ತದೆ. ಸ್ಟೆಪ್ ಫೈಲಿನಿಂದ ಬಂದ ಮೂಕ ಬಾಡಿಗೂ ಹೀಗೆ ಹೆಸರಿಡಬಹುದು. ಮೇಟ್ ಆಗುವ ಮೂರ್ನಾಲ್ಕು ಫೇಸ್‌ಗಳಿಗೆ ಮಾತ್ರ ಇಟ್ಟರೆ ಸಾಕು, ಇಡೀ ಪಾರ್ಟಿಗೆ ನಾಮಕರಣ ಬೇಡ.

ಆಗಲೇ ಬದಲಾಯಿಸಿಬಿಟ್ಟಿದ್ದೀರಿ, ಮೇಟ್‌ಗಳೆಲ್ಲ ಎರರ್ ಆಗಿವೆ ಎಂದರೆ ಅವನ್ನು ಅಳಿಸಿ ಹೊಸದಾಗಿ ಹಾಕುವ ಮೊದಲು ಮೇಟ್ಸ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಪ್ಲೇಸ್ ಮೇಟ್ ಎಂಟಿಟೀಸ್’ ನೋಡಿ. ಒಂದು ಫೇಸ್ ತೋರಿಸಿಕೊಟ್ಟರೆ ಅದಕ್ಕೆ ಅಂಟಿದ್ದ ಮೇಟ್‌ಗಳೆಲ್ಲ ಒಟ್ಟಿಗೆ ಸರಿಹೋಗುತ್ತವೆ.

ಡ್ರಾಯಿಂಗ್ ಮುಗಿದಿದ್ದಾಗ ಹೊರಗಿನ ಪಾರ್ಟನ್ನು ರಿಪ್ಲೇಸ್ ಮಾಡಿದರೆ, ಆ ಪಾರ್ಟಿನ ಅಂಚುಗಳಿಗೆ ಕೊಟ್ಟಿದ್ದ ಡೈಮೆನ್ಷನ್‌ಗಳು ಡ್ಯಾಂಗ್ಲಿಂಗ್ ಆಗಿ (ಹಿಡಿದಿದ್ದ ಅಂಚು ತಪ್ಪಿಹೋಗಿ) ಬಣ್ಣ ಬದಲಿಸುತ್ತವೆ. ಕೆಲವು ಬಲೂನ್‌ಗಳಲ್ಲಿ ಸಂಖ್ಯೆ ಹೋಗಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಇವನ್ನು ಕೈಯಿಂದಲೇ ಸರಿಮಾಡಬೇಕು, ಅದಕ್ಕೆ ಸಮಯ ಎತ್ತಿಡಿ.

ಒಂದು ಪಾರ್ಟ್ ಬದಲಿಸಿದೆ ಅಂದುಕೊಂಡರೆ

ಮೇಲೆ ಹೇಳಿದ ಬೇರಿಂಗನ್ನೇ ನೋಡಿ. ಯುಸಿಪಿ 204ರಲ್ಲಿ ತಳದಿಂದ ಶಾಫ್ಟ್ ಮಧ್ಯದ ಎತ್ತರ 33.3 ಮಿ.ಮೀ., 205ರಲ್ಲಿ 36.5. ಬೋಲ್ಟ್ ರಂಧ್ರಗಳ ನಡುವಿನ ಅಂತರ 95ರಿಂದ 105ಕ್ಕೆ ಹೋಗುತ್ತದೆ. ಬೋರ್ 20ರಿಂದ 25. ಬೋಲ್ಟ್ ಮಾತ್ರ ಎರಡಕ್ಕೂ ಎಂ10.

ಈಗ ಅಸೆಂಬ್ಲಿಯಲ್ಲಿ ಏನಾಗುತ್ತದೆ ಎಂಬುದು ನೀವು ಯಾರನ್ನು ಯಾರಿಗೆ ಕಟ್ಟಿದ್ದೀರಿ ಎಂಬುದರ ಮೇಲೆ. ಬೇರಿಂಗ್ ಫ್ರೇಮಿನ ಮೇಲೆ ಕೂತು, ರೋಲರ್ ಬೇರಿಂಗಿನ ಬೋರನ್ನು ಹಿಡಿದಿದ್ದರೆ, ರೋಲರ್ 3.2 ಮಿ.ಮೀ. ಮೇಲೇಳುತ್ತದೆ, ಅದರ ಜೊತೆ ಬೆಲ್ಟೂ ಏಳುತ್ತದೆ, ಡ್ರೈವ್ ಚೈನಿನ ಸೆಂಟರ್ ಅಂತರ ಬದಲಾಗುತ್ತದೆ. ಎರರ್ ಒಂದೂ ಬರುವುದಿಲ್ಲ! ರೋಲರನ್ನು ಮೊದಲೇ ಎತ್ತರಕ್ಕೆ ಗಟ್ಟಿ ಮಾಡಿ, ಬೇರಿಂಗನ್ನು ರೋಲರಿಗೂ ಫ್ರೇಮಿಗೂ ಎರಡಕ್ಕೂ ಕಟ್ಟಿದ್ದರೆ ಓವರ್ ಡಿಫೈನ್ (ಮೇಟುಗಳು ಒಂದಕ್ಕೊಂದು ಒಪ್ಪುತ್ತಿಲ್ಲ) ಎಂದು ಕೆಂಪಾಗುತ್ತದೆ. ಈ ಎರಡರಲ್ಲಿ ನನಗೆ ಕೆಂಪೇ ಇಷ್ಟ. ಏನೋ ಬದಲಾಗಿದೆ ಎಂದು ಅದು ಬಾಯಿಬಿಟ್ಟು ಹೇಳುತ್ತದೆ.

ಫ್ರೇಮಿನ ರಂಧ್ರ, ಶಾಫ್ಟಿನ ಜರ್ನಲ್ (ಬೇರಿಂಗ್ ಕೂರುವ ಭಾಗ), ಸ್ಪ್ರಾಕೆಟ್ಟಿನ ಬೋರ್ ಇವೂ ಬದಲಾಗಲೇಬೇಕು. ಅಂದರೆ ಒಂದೇ ಆರ್ಡರಿನಲ್ಲಿ ಎರಡು ಥರದ ಬದಲಿ ಇದೆ: ಬೇರಿಂಗ್ ಹೊರಗಿನದು, ಶಾಫ್ಟ್ ಮತ್ತು ಫ್ರೇಮ್ ನಿಮ್ಮವೇ. ಬೇರಿಂಗಿಗೆ ರಿಪ್ಲೇಸ್, ಶಾಫ್ಟಿಗೆ ಸೇವ್ ಆ್ಯಸ್. ಒಂದೇ ಅಸೆಂಬ್ಲಿಯಲ್ಲಿ ಎರಡು ದಾರಿ ಬಳಸುವುದರಲ್ಲಿ ತಪ್ಪೇನಿಲ್ಲ.

ಸೇವ್ ಆ್ಯಸ್, ಮೇಕ್ ಇಂಡಿಪೆಂಡೆಂಟ್

ದಾಯಾದಿಯನ್ನು ಹುಟ್ಟಿಸುವ ಕಮಾಂಡುಗಳಿವು. ಅಸೆಂಬ್ಲಿ ತೆರೆದಿಟ್ಟುಕೊಂಡೇ ಪಾರ್ಟನ್ನು ತೆರೆದು ಸೇವ್ ಆ್ಯಸ್ ಕೊಟ್ಟರೆ ಸಾಲಿಡ್‌ವರ್ಕ್ಸ್ ಕೇಳುತ್ತದೆ: ಈ ಪಾರ್ಟನ್ನು ತೆರೆದಿರುವ ಬೇರೆ ಫೈಲುಗಳು ಬಳಸುತ್ತಿವೆ, ಅವು ಹೊಸ ಹೆಸರಿಗೆ ಹೋಗಲೇ ಅಥವಾ ನಕಲು ಮಾತ್ರ ಮಾಡಲೇ? ಹೋಗಲಿ ಎಂದರೆ ಅಸೆಂಬ್ಲಿ ಅಲ್ಲೇ ಹೊಸ ಪಾರ್ಟನ್ನು ಹಿಡಿಯುತ್ತದೆ. ಮೇಟ್, ಬಣ್ಣ, ಪ್ಯಾಟರ್ನ್ ಯಾವುದೂ ಅಲುಗುವುದಿಲ್ಲ. ಆಮೇಲೆ ಹೊಸ ಪಾರ್ಟಿನಲ್ಲಿ 20 ಇದ್ದದ್ದನ್ನು 25 ಮಾಡಿಕೊಳ್ಳಿ.

ಎಚ್ಚರ ಬೇಕಾದ್ದು ‘ತೆರೆದಿರುವ’ ಎಂಬ ಮಾತಿನಲ್ಲಿ. ಆ ಹೊತ್ತಿಗೆ ತೆರೆದಿದ್ದ ಅಸೆಂಬ್ಲಿಗಳೆಲ್ಲ ಹೊಸದಕ್ಕೆ ಹೋಗುತ್ತವೆ, ಮುಚ್ಚಿದ್ದವು ಹಳೆಯದರಲ್ಲೇ ಉಳಿಯುತ್ತವೆ. ಬೇರೆ ಪ್ರಾಜೆಕ್ಟಿನ ಅಸೆಂಬ್ಲಿ ಹಿಂದಿನ ಕಿಟಕಿಯಲ್ಲಿ ತೆರೆದುಕೊಂಡೇ ಇದ್ದರೆ ಅದಕ್ಕೂ ಹೊಸ ಶಾಫ್ಟ್ ಹೋಗಿಬಿಡುತ್ತದೆ. ಡ್ರಾಯಿಂಗ್ ಕಥೆಯೂ ಹಾಗೆಯೇ. ಪಾರ್ಟಿನ ಡ್ರಾಯಿಂಗ್ ತಾನಾಗಿ ನಕಲಾಗುವುದಿಲ್ಲ. ಇದನ್ನೇ ಉಪಯೋಗಕ್ಕೆ ತಿರುಗಿಸಿಕೊಳ್ಳಬಹುದು: ಡ್ರಾಯಿಂಗನ್ನೂ ತೆರೆದಿಟ್ಟು ಪಾರ್ಟಿಗೆ ಸೇವ್ ಆ್ಯಸ್ ಕೊಡಿ, ಡ್ರಾಯಿಂಗ್ ಹೊಸ ಪಾರ್ಟಿಗೆ ಹೋಗುತ್ತದೆ, ಕೂಡಲೇ ಡ್ರಾಯಿಂಗಿಗೂ ಹೊಸ ಹೆಸರಿನಲ್ಲಿ ಸೇವ್ ಆ್ಯಸ್ ಕೊಡಿ. ಹಳೆಯ ಡ್ರಾಯಿಂಗ್ ಡಿಸ್ಕಿನಲ್ಲಿ ಹಳೆಯ ಪಾರ್ಟಿಗೇ ಅಂಟಿಕೊಂಡು ಉಳಿಯುತ್ತದೆ, ಹೊಸದರಲ್ಲಿ ಡೈಮೆನ್ಷನ್‌ಗಳೆಲ್ಲ ಜಾಗದಲ್ಲೇ ಇರುತ್ತವೆ. ನಡುವೆ ಕಂಟ್ರೋಲ್ ಎಸ್ ಒತ್ತದಿದ್ದರೆ ಸರಿ.

ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಿಸಬೇಕೆಂದರೆ ಸೇವ್ ಆ್ಯಸ್ ಬೇಡ, ಮೇಕ್ ಇಂಡಿಪೆಂಡೆಂಟ್ ಬಳಸಿ. ಆಯ್ದ ಇನ್‌ಸ್ಟನ್ಸ್ ಮಾತ್ರ ಹೊಸ ಹೆಸರಿನ ಫೈಲಾಗುತ್ತದೆ, ಉಳಿದ ಮೂರು ಹಾಗೇ. ಇನ್ವೆಂಟರಿನಲ್ಲಿ ಇದಕ್ಕೆ ಹತ್ತಿರದ್ದು ‘ಸೇವ್ ಅಂಡ್ ರಿಪ್ಲೇಸ್ ಕಾಂಪೊನೆಂಟ್’. ಫ್ಯೂಷನ್ನಿನಲ್ಲಾದರೆ ಒಳಗಿನ ಕಾಂಪೊನೆಂಟನ್ನು ಕಾಪಿ ಮಾಡಿ ‘ಪೇಸ್ಟ್ ನ್ಯೂ’ ಕೊಡಬೇಕು. ಬರೀ ಪೇಸ್ಟ್ ಕೊಟ್ಟರೆ ಎರಡೂ ಒಂದೇ ಪಾರ್ಟ್ ಆಗಿ ಉಳಿದು, ಒಂದನ್ನು ತಿದ್ದಿದರೆ ಇನ್ನೊಂದೂ ಬದಲಾಗುತ್ತದೆ.

ಇಡೀ ಮೆಷಿನ್ನನ್ನೇ ನಕಲು ಮಾಡಿ ಹೊಸ ಆರ್ಡರ್ ಶುರುಮಾಡುವವರಿಗೆ ಪ್ಯಾಕ್ ಅಂಡ್ ಗೋ ಇದೆ. ಡ್ರಾಯಿಂಗ್ ಸೇರಿಸಿ ಎಲ್ಲ ಫೈಲುಗಳಿಗೂ ಹೊಸ ಹೆಸರು ಕೊಟ್ಟು ಇನ್ನೊಂದು ಫೋಲ್ಡರಿಗೆ ಒಯ್ಯುತ್ತದೆ, ಕೊಂಡಿಗಳು ಹೊಸ ಫೈಲುಗಳ ನಡುವೆಯೇ ಇರುತ್ತವೆ. ಪಾರ್ಟ್ ಬದಲಿಸುವ ಮೊದಲು ಹೀಗೆ ಬೇರೆ ಮಾಡಿಕೊಂಡರೆ ಹಳೆಯ ಆರ್ಡರಿನ ಫೈಲುಗಳಿಗೆ ಕೈ ತಾಗುವುದೇ ಇಲ್ಲ.

ಕಾನ್ಫಿಗರೇಷನ್

ಒಂದೇ ಪಾರ್ಟ್ ಫೈಲಿನಲ್ಲಿ ಹಲವು ರೂಪ. ಬದಲಿಸಬೇಕಾದಾಗ ಅಸೆಂಬ್ಲಿಯಲ್ಲಿ ಪಾರ್ಟ್ ಮೇಲೆ ಕ್ಲಿಕ್ ಮಾಡಿ ಪಟ್ಟಿಯಿಂದ ಇನ್ನೊಂದನ್ನು ಆರಿಸಿದರೆ ಮುಗಿಯಿತು. ಫೈಲ್ ಅದೇ, ಫೇಸ್ ಅದೇ, ಮೇಟ್ ಅದೇ. ಹಿಂದಕ್ಕೆ ಹೋಗುವುದೂ ಅಷ್ಟೇ ಸುಲಭ. ಟೂಲ್‌ಬಾಕ್ಸಿನ ಬೋಲ್ಟ್ ಎಂ8ರಿಂದ ಎಂ10ಕ್ಕೆ ಸುಲಭವಾಗಿ ಹೋಗುವುದು ಇದರಿಂದಲೇ. ಅಲ್ಲಿ ಸೈಜುಗಳು ಕಾನ್ಫಿಗರೇಷನ್‌ಗಳು. (ಬೋಲ್ಟ್ ಮಾತು ಬಂತು ಎಂದು ಹೇಳುತ್ತೇನೆ: ಎಂ10 ತಲೆಯ ಅಡ್ಡಳತೆ ಡಿಐಎನ್ 933ರಲ್ಲಿ 17 ಮಿ.ಮೀ., ಐಎಸ್‌ಒ 4017ರಲ್ಲಿ 16. ಸ್ಟ್ಯಾಂಡರ್ಡ್ ನೋಡದೆ ಬದಲಿಸಿದರೆ ಇಕ್ಕಟ್ಟಾದ ಜಾಗದಲ್ಲಿ ಸ್ಪ್ಯಾನರ್ ಹೋಗುವುದಿಲ್ಲ.)

ಇಷ್ಟು ಕೇಳಿದರೆ ಎಲ್ಲವನ್ನೂ ಕಾನ್ಫಿಗರೇಷನ್ ಮಾಡೋಣ ಅನ್ನಿಸುತ್ತದೆ. ಹಾಗೆ ಮಾಡಿದ ಆಫೀಸುಗಳು ಅನುಭವಿಸುವ ಕಷ್ಟಗಳೂ ಇವೆ. ಡೈಮೆನ್ಷನ್ ಬದಲಿಸುವಾಗ ‘ಈ ಕಾನ್ಫಿಗರೇಷನ್’ ಮತ್ತು ‘ಎಲ್ಲ ಕಾನ್ಫಿಗರೇಷನ್’ ಎಂಬ ಎರಡು ಆಯ್ಕೆಯ ನಡುವೆ ಒಂದು ತಪ್ಪು ಕ್ಲಿಕ್ ಆದರೆ ಎಂದೋ ಕಳಿಸಿದ ಮೆಷಿನ್ನಿನ ಶಾಫ್ಟ್ ಸದ್ದಿಲ್ಲದೆ ಬದಲಾಗುತ್ತದೆ. ಒಂದು ರೂಪದಲ್ಲಿ ಸಪ್ರೆಸ್ ಆಗುವ (ತಾತ್ಕಾಲಿಕವಾಗಿ ಇಲ್ಲದಂತಾಗುವ) ಫೀಚರಿನ ಫೇಸ್‌ಗೆ ಮೇಟ್ ಕೊಟ್ಟಿದ್ದರೆ ಆ ರೂಪಕ್ಕೆ ಹೋದ ಕೂಡಲೇ ಮೇಟ್ ಮುರಿಯುತ್ತದೆ. ಹಾಗಾಗಿ ಮೇಟ್ ಕೊಡುವುದು ಎಲ್ಲ ರೂಪದಲ್ಲೂ ಉಳಿಯುವ ಫೇಸ್‌ಗಳಿಗೆ ಮಾತ್ರ. ಬಿಒಎಂನಲ್ಲಿ ಪಾರ್ಟ್ ನಂಬರ್ ಎಲ್ಲಿಂದ ಬರಬೇಕು ಎಂಬುದು ಪ್ರತಿ ಕಾನ್ಫಿಗರೇಷನ್ನಿನ ಪ್ರಾಪರ್ಟಿಯಲ್ಲಿರುತ್ತದೆ. ಅದು ‘ಡಾಕ್ಯುಮೆಂಟ್ ನೇಮ್’ ಎಂದೇ ಇದ್ದರೆ 20ರ ಶಾಫ್ಟಿಗೂ 25ರ ಶಾಫ್ಟಿಗೂ ಬಿಒಎಂನಲ್ಲಿ ಒಂದೇ ನಂಬರ್. ಸ್ಟೋರಿನವರು ಯಾವುದನ್ನು ಕೊಡಬೇಕು?

ಎಲ್ಲಕ್ಕಿಂತ ದೊಡ್ಡದು ರಿವಿಷನ್. ಫೈಲ್ ಒಂದೇ ಆದ್ದರಿಂದ ಹತ್ತು ಸೈಜಿನಲ್ಲಿ ಒಂದನ್ನು ತಿದ್ದಿದರೂ ಇಡೀ ಫೈಲ್ ಬದಲಾದಂತೆ. ಪಿಡಿಎಂ (ಡಿಸೈನ್ ಫೈಲು, ರಿವಿಷನ್‌ಗಳ ಲೆಕ್ಕ ಇಡುವ ವ್ಯವಸ್ಥೆ) ಇಟ್ಟುಕೊಂಡು ಪ್ರತಿ ಪಾರ್ಟಿಗೂ ಬೇರೆ ರಿವಿಷನ್ ನಡೆಸುವ ಕಂಪನಿಯಲ್ಲಿ ಇದು ತಲೆನೋವು. ಅಲ್ಲಿ ಸೈಜಿಗೊಂದು ಫೈಲ್, ಆದರೆ ಎಲ್ಲವೂ ಒಂದೇ ಮೂಲದ ದಾಯಾದಿಗಳು ಎಂಬ ವ್ಯವಸ್ಥೆಯೇ ನೆಮ್ಮದಿ.

ನನ್ನ ಲೆಕ್ಕದಲ್ಲಿ ಕಾನ್ಫಿಗರೇಷನ್ ಹೊಂದುವುದು ಅಳತೆ ಮಾತ್ರ ಬದಲಾಗುವ, ವಿನ್ಯಾಸ ನಿಂತಿರುವ ಪಾರ್ಟುಗಳಿಗೆ: ವಾಷರ್, ಬುಷ್, ಸ್ಪೇಸರ್, ಸ್ಟ್ಯಾಂಡರ್ಡ್ ಬ್ರಾಕೆಟ್, ಉದ್ದ ಮಾತ್ರ ಬೇರೆಯಾಗುವ ರೋಲರ್. ಸೈಜು ಹೆಚ್ಚಾದರೆ ಎಕ್ಸೆಲ್ ಡಿಸೈನ್ ಟೇಬಲ್ ಮಾಡಿ. ಇನ್ನೂ ಆಕಾರವೇ ನಿರ್ಧಾರವಾಗದ ಪಾರ್ಟಿಗೆ ಕಾನ್ಫಿಗರೇಷನ್ ಮಾಡುವುದು ಕೆಲಸ ಹೆಚ್ಚಿಸಿಕೊಳ್ಳುವುದು.

ಹೊರಗಿನ ಪಾರ್ಟ್ ಮತ್ತೆ ಮತ್ತೆ ಬದಲಾಗುತ್ತಿದ್ದರೆ

ಮೋಟರ್, ಗೇರ್‌ಬಾಕ್ಸ್, ಸಿಲಿಂಡರ್. ಆರ್ಡರಿಗೊಂದು ಬ್ರ್ಯಾಂಡ್, ಪ್ರತಿಯೊಂದಕ್ಕೂ ಬೇರೆ ಸ್ಟೆಪ್ ಫೈಲ್. ಪ್ರತಿ ಸಲವೂ ರಿಪ್ಲೇಸ್ ಮಾಡಿ ಮೇಟ್ ಸರಿಪಡಿಸುವುದಕ್ಕಿಂತ, ಮೇಟನ್ನು ಆ ಸ್ಟೆಪ್ ಬಾಡಿಗೆ ಕೊಡದೇ ಇರುವುದೇ ಒಳ್ಳೆಯದು.

ಮಾಡುವುದು ಹೀಗೆ. ‘ಮೋಟರ್’ ಎಂದು ಒಂದು ಖಾಲಿ ಪಾರ್ಟ್ ಮಾಡಿ. ಅದರಲ್ಲಿ ಶಾಫ್ಟಿನ ಆ್ಯಕ್ಸಿಸ್, ಫ್ಲ್ಯಾಂಜಿನ ಪ್ಲೇನ್, ತಿರುಗದಂತೆ ಹಿಡಿಯಲು ಇನ್ನೊಂದು ಪ್ಲೇನ್ ಹಾಕಿ. ಅಸೆಂಬ್ಲಿಯ ಮೇಟ್‌ಗಳೆಲ್ಲ ಈ ಮೂರಕ್ಕೆ ಮಾತ್ರ. ಈ ಖಾಲಿ ಪಾರ್ಟನ್ನು ಸೇವ್ ಆ್ಯಸ್ ಮಾಡಿ ಪ್ರತಿ ಮಾಡೆಲ್ಲಿಗೂ ಒಂದು ಫೈಲ್ ಮಾಡಿ, ಒಳಗೆ ಆಯಾ ಸ್ಟೆಪ್ ಬಾಡಿಯನ್ನು ತಂದು ಆ್ಯಕ್ಸಿಸ್ಸಿಗೆ ಹೊಂದಿಸಿ ಇಡಿ. ಈಗ ಹೊರಗಿನವೆಲ್ಲ ದಾಯಾದಿಗಳಾದವು. ನೀಮಾ 23 (ಸ್ಟೆಪ್ಪರ್ ಮೋಟರಿನ ಒಂದು ಸ್ಟ್ಯಾಂಡರ್ಡ್ ಸೈಜು) ಹೋಗಿ ನೀಮಾ 34 ಬಂದಾಗ ರಿಪ್ಲೇಸ್ ಒತ್ತಿದರೆ ಮೋಟರ್ ಮೇಟ್ ಮುರಿಯದೆ ಬಂದು ಕೂರುತ್ತದೆ. ಮೌಂಟಿಂಗ್ ರಂಧ್ರಗಳ ಅಂತರ 47.14ರಿಂದ 69.6 ಮಿ.ಮೀ.ಗೆ, ಪೈಲಟ್ (ಮುಖದ ನಡುವಿನ ಉಬ್ಬಿದ ವೃತ್ತ) 38.1ರಿಂದ 73ಕ್ಕೆ ಹೋಗುವುದರಿಂದ ಮೌಂಟಿಂಗ್ ಪ್ಲೇಟ್ ಬದಲಾಯಿಸುವ ಕೆಲಸ ಉಳಿದೇ ಇರುತ್ತದೆ, ಅದು ಬೇರೆ ಮಾತು.

ತಯಾರಕರು ಅದೇ ಮಾಡೆಲ್ಲಿನ ಪರಿಷ್ಕೃತ ಸ್ಟೆಪ್ ಕೊಟ್ಟಾಗ ಇಷ್ಟೂ ಬೇಡ. ಪಾರ್ಟಿನೊಳಗೆ ಇಂಪೋರ್ಟೆಡ್ ಫೀಚರನ್ನು ಎಡಿಟ್ ಮಾಡಿ ಹೊಸ ಫೈಲನ್ನು ತೋರಿಸಿದರೆ, ಫೇಸ್ ಮತ್ತು ಎಡ್ಜ್ ಹೊಂದಿಸುವ ಆಯ್ಕೆಯೊಂದಿಗೆ ಬಾಡಿ ಮಾತ್ರ ಬದಲಾಗುತ್ತದೆ.

ಈ ವಿಷಯದಲ್ಲಿ ಕ್ರಿಯೋ ಎಲ್ಲರಿಗಿಂತ ಮುಂದಿದೆ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಇಂಟರ್‌ಚೇಂಜ್ ಅಸೆಂಬ್ಲಿ ಎಂಬ ಪ್ರತ್ಯೇಕ ಫೈಲೇ ಉಂಟು. ಒಂದರ ಬದಲಿಗೆ ಬರಬಹುದಾದ ಪಾರ್ಟುಗಳನ್ನೆಲ್ಲ ಅದರಲ್ಲಿ ಸೇರಿಸಿ, ‘ಇದರ ಈ ಫೇಸ್ ಅಂದರೆ ಅದರ ಆ ಫೇಸ್’ ಎಂದು ರೆಫರೆನ್ಸ್ ಟ್ಯಾಗ್‌ಗಳಿಂದ ಹೇಳಿಟ್ಟರೆ, ಯಾವ ಅಸೆಂಬ್ಲಿಯಲ್ಲಿ ರಿಪ್ಲೇಸ್ ಮಾಡಿದರೂ ತಾನೇ ಹೊಂದಿಕೊಳ್ಳುತ್ತದೆ. ಮೊದಲ ಸಲ ಮಾಡುವಾಗ ಬೇಸರ ಬರುವ ಕೆಲಸ, ಒಂದೆರಡು ಬಾರಿಯ ಬದಲಿಗೆ ಲಾಭವಿಲ್ಲ.

ಫೈಲಿನ ಹೆಸರು ಬದಲಿಸಿ ಏಮಾರಿಸುವುದು

ಹೊಸ ಪಾರ್ಟಿಗೆ ಹಳೆಯದರ ಹೆಸರಿಟ್ಟು ಫೋಲ್ಡರಿನಲ್ಲಿ ಹಾಕಿದರೆ ಅಸೆಂಬ್ಲಿ ಅದನ್ನೇ ಎತ್ತಿಕೊಳ್ಳುತ್ತದೆ. ಕೆಲಸ ಮಾಡುತ್ತದೆ ಎಂಬುದೇ ಇದರ ಅಪಾಯ. ಹಳೆಯದನ್ನು ಬಳಸುವ ಎಲ್ಲ ಅಸೆಂಬ್ಲಿಗೂ ಹೇಳದೆ ಕೇಳದೆ ಹೊಸದು ಹೋಗುತ್ತದೆ. ಮೇಲಾಗಿ ಸಾಲಿಡ್‌ವರ್ಕ್ಸ್ ಅದೇ ಹೆಸರಿನ ಫೈಲ್ ಆಗಲೇ ತೆರೆದಿದ್ದರೆ ಫೋಲ್ಡರ್ ನೋಡದೆ ಅದನ್ನೇ ಬಳಸಿಕೊಳ್ಳುತ್ತದೆ. ಅಷ್ಟು ಅನಿವಾರ್ಯವಾದರೆ ಓಪನ್ ಡೈಲಾಗಿನ ‘ರೆಫರೆನ್ಸಸ್’ ಬಟನ್ನಿನಿಂದ ಕೊಂಡಿ ಬದಲಿಸಿ. ಏನು ಎಲ್ಲಿಗೆ ಹೋಯಿತು ಎಂಬುದಾದರೂ ಕಾಣುತ್ತದೆ.

ಬೇರೆ ಸಾಫ್ಟ್‌ವೇರ್, ಬೇರೆ ಜೇಬು

ಇನ್ವೆಂಟರಿನಲ್ಲಿ ರಿಪ್ಲೇಸ್ ಮತ್ತು ರಿಪ್ಲೇಸ್ ಆಲ್ ಎಂದು ಎರಡು ಬೇರೆ ಕಮಾಂಡ್. ಕನ್‌ಸ್ಟ್ರೇಂಟ್ ಹೋಗಬಹುದು ಎಂದು ಮೊದಲೇ ಎಚ್ಚರಿಸುತ್ತದೆ. ಎರಡೂ ಪಾರ್ಟಿನಲ್ಲಿ ಒಂದೇ ಹೆಸರಿನ ಐಮೇಟ್ (ಪಾರ್ಟಿನೊಳಗೇ ಇಡುವ ಜೋಡಣೆಯ ಗುರುತು) ಇಟ್ಟಿದ್ದರೆ ಹೊರಗಿನ ಪಾರ್ಟೂ ಸಲೀಸಾಗಿ ಕೂರುತ್ತದೆ. ಸೈಜುಗಳಿಗೆ ಹಿಂದಿನಿಂದ ಐಪಾರ್ಟ್ ಇದೆ, 2022ರ ಆವೃತ್ತಿಯಿಂದ ಮಾಡೆಲ್ ಸ್ಟೇಟ್ಸ್ ಕೂಡ. ಐಪಾರ್ಟಿನ ಅನುಕೂಲ ಎಂದರೆ ಸೈಜಿಗೊಂದು ಫೈಲ್ ಹುಟ್ಟುತ್ತದೆ, ರಿವಿಷನ್ ತಲೆನೋವು ಕಡಿಮೆ. ದಿನವೂ ಇದೇ ಬದಲಿ ಕೆಲಸ ಇರುವವರು ಇನ್ವೆಂಟರಿನೊಳಗೇ ಪ್ರೋಗ್ರಾಂ ಬರೆಯುವ ಐಲಾಜಿಕ್ಕಿನಲ್ಲಿ ನಾಲ್ಕು ಸಾಲು ಬರೆದು ಮಾಡಿಸಬಹುದು.

ವಿಟಿಯು ಕಾಲೇಜುಗಳಲ್ಲಿ ಸಾಲಿಡ್ ಎಡ್ಜ್ ಮೇಲೆ ಕೈ ಪಳಗಿಸಿಕೊಂಡವರು ಬಹಳ ಮಂದಿ. ಅದರಲ್ಲಿ ರಿಪ್ಲೇಸ್ ಪಾರ್ಟ್ ಇದೆ, ಜೊತೆಗೆ ‘ಕ್ಯಾಪ್ಚರ್ ಫಿಟ್’ ಇದೆ: ಪಾರ್ಟನ್ನು ಒಮ್ಮೆ ಕೂರಿಸಿದ ರೀತಿಯನ್ನು ಪಾರ್ಟಿನೊಳಗೇ ಕಲಿಸಿಡುತ್ತದೆ. ಹವ್ಯಾಸಿಗಳಿಗೆ ಇದರ ಕಮ್ಯೂನಿಟಿ ಆವೃತ್ತಿ ಉಚಿತ. ಆದರೆ ಅದರ ಫೈಲುಗಳು ವಾಣಿಜ್ಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಮುಂದೆ ವ್ಯಾಪಾರ ಮಾಡುವ ಆಸೆ ಇದ್ದರೆ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆನ್‌ಶೇಪ್ ಬ್ರೌಸರಿನಲ್ಲೇ ನಡೆಯುತ್ತದೆ. ಫೈಲೇ ಇಲ್ಲದ್ದರಿಂದ ಹೆಸರಿನ ಗೊಂದಲ ಇಲ್ಲ, ಪ್ರತಿ ಬದಲಾವಣೆಯೂ ಇತಿಹಾಸದಲ್ಲಿ ಉಳಿಯುವುದರಿಂದ ಹಿಂದಕ್ಕೆ ಹೋಗುವುದು ಬಹಳ ಸುಲಭ. ಮೇಟ್ ಕನೆಕ್ಟರನ್ನು (ಮೇಟ್ ಹಿಡಿಯುವ ಬಿಂದು ಮತ್ತು ದಿಕ್ಕು) ಪಾರ್ಟಿನಲ್ಲೇ ಇಟ್ಟುಕೊಳ್ಳಬಹುದು. ನಾನು ಮೇಲೆ ಹೇಳಿದ ಖಾಲಿ ಪಾರ್ಟಿನ ಉಪಾಯ ಇಲ್ಲಿ ಹೆಚ್ಚು ಶ್ರಮವಿಲ್ಲದೆ ಸಿಗುತ್ತದೆ. ಉಚಿತ ಯೋಜನೆಯಲ್ಲಿ ನಿಮ್ಮ ಡಾಕ್ಯುಮೆಂಟುಗಳು ಎಲ್ಲರಿಗೂ ಕಾಣುತ್ತವೆ, ಗಿರಾಕಿಯ ಕೆಲಸಕ್ಕೆ ಅದು ನಡೆಯುವುದಿಲ್ಲ. ಫ್ಯೂಷನ್ನಿನ ವೈಯಕ್ತಿಕ ಉಚಿತ ಪರವಾನಗಿಯಲ್ಲಿ ಒಂದು ಹೊತ್ತಿಗೆ ತಿದ್ದಬಹುದಾದ ಡಾಕ್ಯುಮೆಂಟ್ 10 ಮಾತ್ರ. ಬದಲಿ ಪಾರ್ಟುಗಳನ್ನು ಬೇರೆ ಬೇರೆ ಫೈಲಾಗಿ ಇಡುವ ಪದ್ಧತಿಗೆ ಅದು ಇಕ್ಕಟ್ಟು.

ಖರ್ಚೇ ಬೇಡ ಎನ್ನುವವರಿಗೆ ಫ್ರೀಕ್ಯಾಡ್. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅಸೆಂಬ್ಲಿ ವರ್ಕ್‌ಬೆಂಚ್ ಒಳಗೇ ಸೇರಿತು. ಫೇಸ್‌ಗಳ ಗುರುತು ಅದಲುಬದಲಾಗುವ ಅದರ ಹಳೆಯ ತೊಂದರೆಯೂ ಅದೇ ಆವೃತ್ತಿಯಲ್ಲಿ ಬಹಳ ಮಟ್ಟಿಗೆ ತಗ್ಗಿತು. ಅಸೆಂಬ್ಲಿಗೆ ತಂದ ಪಾರ್ಟ್ ಒಂದು ಲಿಂಕ್ ಆಗಿರುವುದರಿಂದ ಪ್ರಾಪರ್ಟಿಯಲ್ಲಿ ‘ಲಿಂಕ್ಡ್ ಆಬ್ಜೆಕ್ಟ್’ ಬದಲಿಸಿದರೆ ಬೇರೆ ಪಾರ್ಟ್ ಆ ಜಾಗಕ್ಕೆ ಬರುತ್ತದೆ. ಜಾಯಿಂಟ್‌ಗಳು ಉಳಿದವೋ ಇಲ್ಲವೋ ಒಂದೊಂದಾಗಿ ನೋಡಿಕೊಳ್ಳಬೇಕು.

ಹಾಗಾದರೆ ನೀವು?

ಕಾಲೇಜಿನ ಪ್ರಾಜೆಕ್ಟ್ ಅಥವಾ ಒಮ್ಮೆ ಮಾಡಿ ಮುಗಿಸುವ ಫಿಕ್ಸ್ಚರ್, ಡ್ರಾಯಿಂಗ್ ಇನ್ನೂ ಇಲ್ಲ: ರಿಪ್ಲೇಸ್ ಮಾಡಿ ನೋಡಿ, ಎರರ್ ನಾಲ್ಕೈದಕ್ಕಿಂತ ಹೆಚ್ಚು ಬಂದರೆ ಅನ್‌ಡೂ ಮಾಡಿ, ಡಿಲೀಟ್ ಮಾಡಿ ಹೊಸದಾಗಿ ಕೂರಿಸಿ. ಪೀಣ್ಯದಂಥ ಕಡೆ ಆರ್ಡರಿಗೊಂದು ಮೆಷಿನ್ ಮಾಡುವ ನಾಲ್ಕು ಜನರ ಆಫೀಸು, ಪಿಡಿಎಂ ಇಲ್ಲ, ಹಳೆಯ ಮೆಷಿನ್ನಿನ ಫೈಲುಗಳು ಸುರಕ್ಷಿತವಾಗಿರಬೇಕು: ಪ್ಯಾಕ್ ಅಂಡ್ ಗೋ ಮಾಡಿ, ನಿಮ್ಮ ಪಾರ್ಟುಗಳಿಗೆ ಸೇವ್ ಆ್ಯಸ್, ಖರೀದಿಸುವ ಪಾರ್ಟುಗಳಿಗೆ ಖಾಲಿ ಪಾರ್ಟಿನ ಉಪಾಯ. ಮೋಟರ್, ಬೇರಿಂಗ್, ಸಿಲಿಂಡರ್ ಈ ಮೂರಕ್ಕೆ ಅದನ್ನು ಮಾಡಿಟ್ಟರೂ ಬಹಳ ಹೊತ್ತು ಉಳಿಯುತ್ತದೆ. ಒಂದೇ ಮೆಷಿನ್ನನ್ನು ಐದಾರು ಸೈಜಿನಲ್ಲಿ ಮಾರುವ ಕಂಪನಿಗೆ ಕಾನ್ಫಿಗರೇಷನ್, ಆದರೆ ಪಾರ್ಟ್ ನಂಬರ್ ಮತ್ತು ರಿವಿಷನ್ ಹೇಗೆ ಎಂಬುದನ್ನು ಮೊದಲ ಫೈಲ್ ಮಾಡುವ ಮುಂಚೆಯೇ ಸ್ಟೋರ್, ಪರ್ಚೇಸ್ ವಿಭಾಗದವರ ಜೊತೆ ಕೂತು ತೀರ್ಮಾನಿಸಿ. ಪಿಡಿಎಂ ಇರುವ ಕಡೆ ಕಮಾಂಡ್ ಒತ್ತುವ ಮೊದಲು ‘ವೇರ್ ಯೂಸ್ಡ್’ ನೋಡಿ. ಆ ಪಾರ್ಟ್ ಎಷ್ಟು ಅಸೆಂಬ್ಲಿಯಲ್ಲಿದೆ ಎಂದು ಗೊತ್ತಾದ ಮೇಲೆ ಅರ್ಧ ಆಯ್ಕೆಗಳು ತಾವೇ ಉದುರಿಹೋಗುತ್ತವೆ.

ಯಾವ ದಾರಿಯಲ್ಲಿ ಬದಲಿಸಿದರೂ ಆಮೇಲೆ ಇಷ್ಟು ನೋಡಿ. ಕಂಟ್ರೋಲ್ ಕ್ಯೂ ಒತ್ತಿ ಪೂರ್ತಿ ರೀಬಿಲ್ಡ್. ಇಂಟರ್‌ಫಿಯರೆನ್ಸ್ ಡಿಟೆಕ್ಷನ್. ಚಲಿಸುವ ಪಾರ್ಟುಗಳನ್ನು ಮೌಸಿನಿಂದ ಎಳೆದು ಮೊದಲಿನಷ್ಟೇ ಚಲಿಸುತ್ತವೆಯೇ ಎಂದು ಪರೀಕ್ಷೆ. ಪಾರ್ಟ್ ತಲೆಕೆಳಗಾಗಿದ್ದರೆ ಮೇಟಿನ ಅಲೈನ್‌ಮೆಂಟ್ ತಿರುಗಿಸಿ. ಬದಲಾದ ಪಾರ್ಟಿನ ಫೇಸ್ ನೋಡಿ ಬರೆದ ಇನ್-ಕಾಂಟೆಕ್ಸ್ಟ್ ಫೀಚರುಗಳು ಬೇರೆ ಪಾರ್ಟುಗಳಲ್ಲಿ ಇದ್ದರೆ ಮರದಲ್ಲಿ ಬಾಣದ ಗುರುತಿನ ಪಕ್ಕ ಪ್ರಶ್ನಾರ್ಥಕ ಬಂದಿದೆಯೇ ನೋಡಿ. ಬೋಲ್ಟ್‌ಗಳ ಪ್ಯಾಟರ್ನ್ ಬದಲಾದ ಪ್ಲೇಟಿನ ರಂಧ್ರಗಳನ್ನು ಹಿಂಬಾಲಿಸುತ್ತಿದ್ದರೆ ಅದನ್ನು ಮತ್ತೆ ತೋರಿಸಿಕೊಡಬೇಕಾಗುತ್ತದೆ. ಕೊನೆಗೆ ಬಿಒಎಂ ತೆರೆದು ಸಂಖ್ಯೆ ಎಣಿಸಿ: ‘ಆಲ್ ಇನ್‌ಸ್ಟನ್ಸಸ್’ ಟಿಕ್ ಮಾಡದೆ ಹೋಗಿದ್ದರೆ ಒಂದು 204 ಇನ್ನೂ ಪಟ್ಟಿಯಲ್ಲಿ ಉಳಿದಿರುತ್ತದೆ.